ಸಹಾಯ ಬೇಕು: ಅಮ್ಮನ ವಾಟ್ಸ್‌ಆ್ಯಪ್ ಖಾತೆ ಕಳ್ಳರ ಕೈಗೆ ಸಿಕ್ಕಿದೆ

ಸೋಮವಾರಪೇಟೆ ಕಡೆಯವರು ದಯವಿಟ್ಟು ಓದಿ. ನಿನ್ನೆ ಅಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಾಗ ಪರಿಚಿತರ ಹೆಸರಿನಿಂದಲೇ ಸಂದೇಶ ಬಂತು: ‘ನಿಮ್ಮ ಮೊಬೈಲಿಗೆ ತಪ್ಪಿ ಬಂದಿರುವ 6 ಅಂಕಿಗಳನ್ನು ಕಳುಹಿಸಿ.’ ಕೈಯ ದೂಳನ್ನೂ ಒರೆಸಿಕೊಳ್ಳದೆ ಕಳುಹಿಸಿಬಿಟ್ಟರು. ಅದು ವಾಟ್ಸ್‌ಆ್ಯಪ್ ಖಾತೆ ತೆರೆಯುವ ಕೋಡ್ ಆಗಿತ್ತು; ಖಾತೆ ಹೋಯಿತು. ಆಮೇಲೆ ನೆಂಟರಿಗೆಲ್ಲ ‘ಆಸ್ಪತ್ರೆಯಲ್ಲಿದ್ದೇನೆ, 15,000 ರೂಪಾಯಿ ಹಾಕಿ’ ಎಂದು ಅಮ್ಮನ ಹೆಸರಿನಲ್ಲೇ ಸಂದೇಶ ಹೋಗಿದೆ. ಹಾಕಬೇಡಿ, ಅಮ್ಮ ಮನೆಯಲ್ಲೇ ಇದ್ದಾರೆ. ಚಿಕ್ಕಮ್ಮ ಪಾಪ ಹಾಕಿಯೇಬಿಟ್ಟಿದ್ದರು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು.

ಅಮ್ಮನ ಮೊಬೈಲಿಗೆ ಹೊಸದಾಗಿ ಆ 6 ಅಂಕಿಗಳ ಕೋಡ್ ತರಿಸಿಕೊಂಡು ಒಳಗೆ ಹೋಗಲು ನೋಡಿದರೆ, ನಾವು ಇಟ್ಟೇ ಇಲ್ಲದ ಪಿನ್ ಕೇಳುತ್ತಿದೆ. ಎರಡು ಹಂತದ ಪರಿಶೀಲನೆಯನ್ನು ಕಳ್ಳರೇ ಹಾಕಿದ್ದಾರೆ. ಆ ಪಿನ್ ಇಲ್ಲದೆ ಒಳಗೆ ಹೋಗಲು 7 ದಿನ ಕಾಯಬೇಕಂತೆ. ಹೀಗೆ ಕಾದು ಖಾತೆ ಮರಳಿ ಪಡೆದವರಿದ್ದರೆ, ಆಮೇಲೆ ಏನೇನು ಮಾಡಿದಿರಿ, ತಿಳಿಸಿ. ನೆಟ್‌ವರ್ಕ್ ಸಿಗದ ತೋಟದ ಮನೆಗಳಲ್ಲಿರುವ ನಮ್ಮ ಹಿರಿಯರಿಗೂ ಯಾರಾದರೂ ಬಾಯಿಮಾತಿನಲ್ಲಿ ಹೇಳಿಬನ್ನಿ.