ಮೈಸೂರು ಸಿಲ್ಕ್ ಸೆರಗಿಗೆ ಕ್ರೋಶಾ ಕುಚ್ಚು: ಅಂಚು ಮುದುಡುತ್ತಿದೆ, ಮಣಿ ಹಿಂದೆ ಹೋಗುತ್ತಿದೆ

ಪ್ರಶ್ನೆ:
ವರಮಹಾಲಕ್ಷ್ಮಿ ಹಬ್ಬಕ್ಕೆ ಉಡೋಣ ಅಂತ ಗಿಳಿ ಹಸಿರು ಮೈಸೂರು ಸಿಲ್ಕ್ ಸೀರೆಗೆ ನಾನೇ ಕ್ರೋಶಾ ಕುಚ್ಚು ಹಾಕುತ್ತಿದ್ದೇನೆ. ಅಂಗಡಿಯವರು ಹೇಳಿದ ರೇಟಿಗೆ ಇನ್ನೊಂದು ಕಾಟನ್ ಸೀರೆಯೇ ಬರುತ್ತದೆ, ಅದಕ್ಕೇ ಈ ಸಾಹಸ. ಕಾಟನ್ ಸೀರೆಗಳಿಗೆ ಹಾಕಿ ಅಭ್ಯಾಸ ಇದೆ. ಇಲ್ಲಿ ಮಾತ್ರ ಮೊದಲ ಸಾಲಿಗೇ ಸೆರಗು ನೆರಿಗೆ ನೆರಿಗೆಯಾಗಿ ಎಳೆದುಕೊಂಡಿದೆ. ಒಂದೊಂದು ಸೆಂಟಿಮೀಟರಿಗೆ ಒಂದು ತೂತು, ನಡುವೆ 3 ಚೈನ್ (ಸರಪಳಿ ಕುಣಿಕೆ).

ಎರಡನೇ ಸಾಲು ಕಮಾನು, ಅದರ ಪ್ರತಿ ಕಂಬಕ್ಕೂ (ನೆಟ್ಟಗೆ ನಿಲ್ಲುವ ಉದ್ದ ಹೆಣಿಗೆ) ಒಂದು ಪುಟ್ಟ ಮುತ್ತು. ಮುತ್ತನ್ನೆಲ್ಲ ಮೊದಲೇ ದಾರಕ್ಕೆ ಪೋಣಿಸಿಟ್ಟಿದ್ದೇನೆ. ಒಂದು ಕಮಾನು ಹಾಕಿ ನೋಡಿದರೆ ಅಷ್ಟೂ ಮುತ್ತು ಸೆರಗಿನ ಒಳಮೈಗೆ ಹೋಗಿ ಕೂತಿವೆ. ಬೆರಳಲ್ಲಿ ಮುಂದೆ ತಳ್ಳಿದರೆ ಮತ್ತೆ ವಾಪಸ್! ಜೊತೆಗೆ ರೇಷ್ಮೆ ದಾರದ ಎಳೆ ಬಿಡುತ್ತದೆ, ಕ್ರೋಶಾ ಕಡ್ಡಿಯ ಕೊಕ್ಕೆಗೆ ಅರ್ಧ ಸಿಕ್ಕರೆ ಅರ್ಧ ಹೊರಗೇ. ಬಿಚ್ಚಿದರೆ ತೂತು ಉಳಿಯುತ್ತದಾ?

ಉತ್ತರ 1:
ಮಣಿ ಹೋಗುವುದೇ ಹಾಗೆ ರೀ. ಹೆಣೆಯುವಾಗ ದಾರ ಹಿಂದೆ ಇರುತ್ತದೆ ಅಲ್ವಾ, ಪೋಣಿಸಿದ ಮಣಿಯೂ ಆಚೆ ಮುಖದಲ್ಲೇ ನಿಲ್ಲುತ್ತದೆ. ನೀವು ಎರಡೂ ಸಾಲನ್ನು ಸೀರೆಯ ಹೊರಮೈ ನೋಡುತ್ತಾ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಮಣಿ ಸಾಲಿಗೆ ಸೀರೆ ತಿರುಗಿಸಿ, ಒಳಮೈ ನಿಮ್ಮ ಕಡೆ ಇರಲಿ. ಮುತ್ತು ತಾನಾಗೇ ಹೊರಮೈಗೆ ಬರುತ್ತದೆ.

ಕಮಾನಿನ ತುದಿಗೆ ದೊಡ್ಡ ಮಣಿ ಬೇಕಿದ್ದರೆ ಅದನ್ನು ಪೋಣಿಸಬೇಡಿ. ಕುಣಿಕೆಯಿಂದ ಕಡ್ಡಿ ತೆಗೆಯಿರಿ, ತೆಳು ಕಡ್ಡಿಗೆ ಮಣಿ ಏರಿಸಿ, ಅದೇ ಕಡ್ಡಿಯಿಂದ ಕುಣಿಕೆಯನ್ನು ಮಣಿಯೊಳಗೆ ಎಳೆದು ಒಂದು ಚೈನ್ ಹಾಕಿ. ಅದು ಎರಡೂ ಕಡೆ ಕಾಣುತ್ತದೆ.

ಉತ್ತರ 2:
ನಾನು ಮನೆಯಲ್ಲೇ ಕುಚ್ಚಿನ ಆರ್ಡರ್ ತಗೊಳ್ಳುತ್ತೇನೆ. ಮುದುಡುವುದಕ್ಕೆ ಚೈನ್ ಗಿಡ್ಡ ಆಗಿರುವುದೇ ಕಾರಣ. 10 ಚೈನ್ ಹಾಕಿ ಸ್ಕೇಲಿನ ಮೇಲೆ ಇಟ್ಟು, 3 ಚೈನಿಗೆ ಎಷ್ಟು ಅಂತ ಲೆಕ್ಕ ಹಾಕಿ. ನಿಮ್ಮ 3 ಚೈನ್ 8 ಮಿಲಿಮೀಟರ್ ಬಂತು ಅನ್ನಿ, ತೂತಿನ ಅಂತರ 10. ಪ್ರತಿ ಸಲ 2 ಮಿಲಿಮೀಟರ್ ಬಟ್ಟೆ ಒಳಗೆ ಹೋಯಿತು. 45 ಇಂಚಿನ ಸೆರಗಲ್ಲಿ ಇಂಥವು ನೂರರ ಮೇಲೆ. ಒಟ್ಟು ಸುಮಾರು 9 ಇಂಚು! ಗಂಜಿ ಹಾಕಿದ ಕಾಟನ್ ಗಟ್ಟಿಯಾಗಿ ನಿಂತು ತಡೆದುಕೊಳ್ಳುತ್ತದೆ, ಮೈಸೂರು ಸಿಲ್ಕಿನ ಮೆತ್ತನೆಯ ಕ್ರೇಪ್ ಬಟ್ಟೆ ತಡೆಯಲ್ಲ. 4 ಚೈನ್ ಮಾಡಿ, ಇಲ್ಲವೇ ತೂತು ಹತ್ತಿರ ಮಾಡಿ. ಬಟ್ಟೆಯೊಳಗಿಂದ ಎಳೆದ ಕುಣಿಕೆಯನ್ನು ಮಡಿಕೆಯ ಅಂಚಿನವರೆಗೂ ಸಡಿಲ ಬಿಡಿ, ಬಿಗಿಯಬೇಡಿ.

ಬಿಚ್ಚಲು ಹೆದರಬೇಡಿ. ಬಟ್ಟೆಯ ಎಳೆ ಕಡಿಯದಿದ್ದರೆ ಒಳಮೈಯಿಂದ ಉಗುರಲ್ಲಿ ಅಡ್ಡಡ್ಡ, ಉದ್ದುದ್ದ ನಯವಾಗಿ ಉಜ್ಜಿದರೆ ತೂತು ಬಹುಪಾಲು ಕೂಡಿಕೊಳ್ಳುತ್ತದೆ. ಜರಿ ಇರುವ ಕಡೆ ಕಡ್ಡಿ ನೇರ ಚುಚ್ಚಬೇಡಿ, ಕೊಕ್ಕೆಗೆ ಜರಿ ಸಿಕ್ಕಿ ಎದ್ದುಬರುತ್ತದೆ. ಮೊದಲು ಸೂಜಿಯಲ್ಲಿ ದಾರಿ ಮಾಡಿ.

ದಾರಕ್ಕೆ ಹುರಿ ಸಾಲದು. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಇನ್ನೊಂದು ತುದಿಯಿಂದ ಹದವಾಗಿ ಹುರಿ ಮಾಡಿ. ಜಾಸ್ತಿಯಾದರೆ ಗಂಟು ಗಂಟಾಗಿ ಸುತ್ತಿಕೊಳ್ಳುತ್ತದೆ, ಸಡಿಲ ಬಿಟ್ಟು ನೋಡಿ.

ಉತ್ತರ 3:
ಇಷ್ಟೆಲ್ಲ ಯಾಕೆ? ಮೈಸೂರು ಸಿಲ್ಕಿಗೆ ನಾನು ಕಡ್ಡಿಯನ್ನೇ ತಾಗಿಸಲ್ಲ. ಲೇಸಿನ ಹಾಗೆ ಬೇರೆಯಾಗಿ ಹೆಣೆದು ಕೈಹೊಲಿಗೆಯಲ್ಲಿ ಸೆರಗಿಗೆ ಸೇರಿಸುತ್ತೇನೆ. ಡ್ರೈಕ್ಲೀನಿಂಗ್‌ಗೆ ಕೊಡುವಾಗ ಬಿಚ್ಚಿಟ್ಟುಕೊಳ್ಳಬಹುದು.

ಉತ್ತರ 2:
ಮಾಡಬಹುದು, ಆದರೆ ಮಣಿ ಭಾರಕ್ಕೆ ಕೈಹೊಲಿಗೆ ಅಲ್ಲಲ್ಲಿ ಜೋತುಬೀಳುತ್ತದೆ. ಮುತ್ತಿಲ್ಲದ ಕುಚ್ಚಿಗಾದರೆ ನಾನೂ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು:
ಅಳೆದೆ. 3 ಚೈನ್ ಎಂಟೂ ಇಲ್ಲ, ಏಳೂವರೆ! ಸೆರಗಿನ ಮೂಲೆಯಿಂದ ಒಂದು ಗೇಣು ಬಿಚ್ಚಿ 4 ಚೈನ್ ಹಾಕಿದ್ದೇನೆ, ಮಂಚದ ಮೇಲೆ ಹರಡಿದರೆ ಅಂಚು ಚಪ್ಪಟೆಯಾಗಿ ಕೂರುತ್ತಿದೆ. ಸೀರೆ ತಿರುಗಿಸಿ ಹಾಕಿದ ಕಮಾನಿನ ಮುತ್ತೂ ಹೊರಗೇ ಬಂತು. ಇನ್ನೊಂದು ಕೇಳಬೇಕಿತ್ತು: ಕೊನೆಯ ದಾರ ಜಾರಿ ಬಿಚ್ಚಿಕೊಳ್ಳದ ಹಾಗೆ ಏನು ಮಾಡುತ್ತೀರಿ?

ಉತ್ತರ 1:
ಎರಡಿಂಚು ದಾರ ಬಿಟ್ಟು ಸೂಜಿಗೆ ಪೋಣಿಸಿ. ಕಂಬಗಳ ಬುಡದೊಳಗೆ ಒಂದು ಸಲ ಆಚೆ, ಒಂದು ಸಲ ಈಚೆ ಹೊಲಿದು ಆಮೇಲೆ ಕತ್ತರಿಸಿ. ತುದಿಗೆ ಫ್ಯಾಬ್ರಿಕ್ ಗ್ಲೂ ಒಂದೇ ಚುಕ್ಕೆ ಸಾಕು, ಒಣಗುವ ತನಕ ಸೀರೆ ಮಡಿಸಬೇಡಿ.