ಗಟಾರ, ಒಳಚರಂಡಿ, ಕೊಳಚೆ: ಯಾವ ನೀರಿನ ಪರೀಕ್ಷೆ ಅನ್ನೋಣ?

ವೇಸ್ಟ್‌ವಾಟರ್ ಸರ್ವೈಲೆನ್ಸ್ ಅನ್ನುವುದಕ್ಕೆ ಓದಿದ ಕೂಡಲೇ ತಿಳಿಯುವಂಥ ಕನ್ನಡ ಮಾತು ಯಾವುದು? ಊರಿನ ಹೊಲಸು ನೀರನ್ನು ಲ್ಯಾಬಿಗೆ ಒಯ್ದು, ಅಲ್ಲಿ ಯಾವ ಸೋಂಕು ಓಡಾಡುತ್ತಿದೆ ಅಂತ ನೋಡುವ ಕೆಲಸ ಅದು. ಬೆಳಗಾವಿಯ ಆಶಾ ಕಾರ್ಯಕರ್ತೆಯರು ಓದಲಿ ಅಂತ ಅದರ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ, ತಲೆಬರಹಕ್ಕೇ ಸಿಕ್ಕಿಹಾಕಿಕೊಂಡಿದ್ದೇನೆ. 'ತ್ಯಾಜ್ಯನೀರಿನ ಕಣ್ಗಾವಲು' ಅಂದರೆ ತಪ್ಪೇನಿಲ್ಲ. ಆದರೆ ಕಣ್ಗಾವಲು ಅಂದ ಕೂಡಲೇ ಸಿಸಿಟಿವಿ, ಪೊಲೀಸರು ನೆನಪಾಗುತ್ತಾರೆ, ಅಲ್ವಾ?

ಮೊದಲು ಸುಮ್ನೆ 'ಗಟಾರ ನೀರಿನ ಪರೀಕ್ಷೆ' ಅಂತ ಬರೆದು ವಡಗಾವಿ ಕಡೆಯ ಒಬ್ಬ ಆಶಾ ಅಕ್ಕನವರಿಗೆ ತೋರಿಸಿದೆ. "ಹಿಂಗ ಬರದ್ರ ಗಟಾರ ಬಳ್ಯಾಕ ಬಂದಾರ ಅಂತ ಮಂದಿ ತಿಳ್ಕೊತಾರ್ರೀ ಸರ" ಅಂದರು. ನಿಜ. ನಮ್ಮ ಕಡೆ ಗಟಾರ ಅಂದರೆ ಮನೆ ಮುಂದೆ ಹರಿಯುವುದು: ಬಚ್ಚಲ ನೀರು, ಮುಸುರೆ ತೊಳೆದ ನೀರು, ಮಳೆ ಬಂದರೆ ಅದೂ. ಸಂಡಾಸದ ನೀರು ಹೋಗುವುದು ಒಳಚರಂಡಿಗೆ, ಅದು ಇಲ್ಲದ ಓಣಿಗಳಲ್ಲಿ ಹೆಚ್ಚಾಗಿ ಸೆಪ್ಟಿಕ್ ಟ್ಯಾಂಕಿಗೆ. ಈ ಪರೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ಸಂಡಾಸದ ನೀರೇ. ಪೋಲಿಯೊ ವೈರಸ್, ಕೊರೊನಾ ವೈರಸ್, ಟೈಫಾಯ್ಡ್ ಬ್ಯಾಕ್ಟೀರಿಯಾ ಎಲ್ಲ ಮಲದಲ್ಲಿ ಹೊರಬೀಳುತ್ತವೆ, ಮೈಯಲ್ಲಿ ಯಾವ ಲಕ್ಷಣವೂ ಕಾಣದವರಿಂದ ಕೂಡ. ದವಾಖಾನೆಗೆ ಹೋಗದವರ ಲೆಕ್ಕವೂ ಹಾಗಾಗಿ ಅದರಲ್ಲಿ ಸೇರಿಬಿಡುತ್ತದೆ.

'ಕೊಳಚೆ ನೀರು' ಎಲ್ಲರಿಗೂ ಗೊತ್ತಿರುವ ಮಾತು. ನನ್ನ ತಕರಾರು ಏನೆಂದರೆ, ಕೊಳಚೆ ಅಂದರೆ ಕೊಳಚೆ ಪ್ರದೇಶ ಕಣ್ಣ ಮುಂದೆ ಬರುತ್ತದೆ, ಇದು ಬಡವರ ಓಣಿಯ ಪರೀಕ್ಷೆ ಅಂತ ಆಗಿಬಿಡುತ್ತದೆ. ದೊಡ್ಡ ದೊಡ್ಡ ಬಂಗಲೆಗಳ ಪೈಪೂ ಅದೇ ಶುದ್ಧೀಕರಣ ಘಟಕಕ್ಕೆ ಬಂದು ಬೀಳುತ್ತದಲ್ಲ!

ಇನ್ನು 'ರೋಗ ಪತ್ತೆ'. ಇದು ನನಗೆ ಒಪ್ಪಿಗೆ ಇಲ್ಲ. ನಮ್ಮ ದೇಶದಲ್ಲಿ ಪೋಲಿಯೊ ವೈರಸ್ಸಿಗಾಗಿ ಚರಂಡಿ ನೀರು ನೋಡುವುದು 2001ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಕೊನೆಯ ಸಹಜ ಪೋಲಿಯೊ (ಲಸಿಕೆಯಿಂದ ಹುಟ್ಟಿದ ವೈರಸ್ಸಿನದಲ್ಲದ್ದು) ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆಮೇಲೂ ನೀರು ನೋಡುವುದನ್ನು ನಿಲ್ಲಿಸಿಲ್ಲ, ಯಾಕೆಂದರೆ ರೋಗಿ ಕಾಣುವ ಮೊದಲೇ ವೈರಸ್ ಕಾಣಬಹುದು. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿ ಲಸಿಕೆಯಿಂದ ಹುಟ್ಟಿದ ಪೋಲಿಯೊ ವೈರಸ್ ಮತ್ತೆ ಮತ್ತೆ ಸಿಕ್ಕಿತು, ಕೈಕಾಲು ಸ್ವಾಧೀನ ತಪ್ಪಿದ ಒಬ್ಬ ರೋಗಿಯೂ ಅಲ್ಲಿ ಸಿಗಲಿಲ್ಲ. ರೋಗಿಯೇ ಇಲ್ಲದಾಗ ಯಾರ ರೋಗ ಪತ್ತೆಯಾಯಿತು ಅನ್ನೋಣ? ಸಿಕ್ಕಿದ್ದು ಸುಳಿವು, ಅಷ್ಟೇ.

'ಜಾಡು' ಅನ್ನುವ ಮಾತೂ ಇದೆ, ಚೆನ್ನಾಗಿಯೂ ಇದೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೂರ್ ಅನ್ನುವವರು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ದಾರದಲ್ಲಿ ಚರಂಡಿಗೆ ಇಳಿಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಆಮೇಲೆ ತೆಗೆದು ಪರೀಕ್ಷಿಸಿ, ಪ್ಯಾರಾಟೈಫಾಯ್ಡ್ ಎಲ್ಲಿಂದ ಬರುತ್ತಿದೆ ಅಂತ ಒಂದೊಂದೇ ಕವಲು ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋದರು. ಅದಕ್ಕೆ ಜಾಡು ಹಿಡಿಯುವುದು ಅಂದರೆ ಸರಿ. ಈಗ ಹೆಚ್ಚಾಗಿ ನೋಡುವುದು ಇಡೀ ಬಡಾವಣೆಯನ್ನೋ ಊರನ್ನೋ. ಬೆಂಗಳೂರಿನಲ್ಲಿ ಕೊರೊನಾ ಕಾಲದಲ್ಲಿ 28 ಶುದ್ಧೀಕರಣ ಘಟಕಗಳಿಂದ ಸ್ಯಾಂಪಲ್ ತೆಗೆದು ನೋಡಿದರು, ಯಾರ ಮನೆಯದು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಜಾಡು ಅಂತ ಬರೆದರೆ "ನಮ್ಮ ಮನಿಗೆ ಬರ್ತಾರೇನ್ರಿ?" ಅಂತ ಜನ ಹೆದರಿಯಾರು.

ನಡುವೆ ಒಂದು ತಮಾಷೆಯ ವಿಷಯ. ನೀರಿನಲ್ಲಿ ಮನುಷ್ಯರ ಮಲದ ಪಾಲು ಎಷ್ಟು, ಮಳೆ ಸೇರಿ ಎಷ್ಟು ತೆಳುವಾಗಿದೆ ಅಂತ ಅಂದಾಜು ಮಾಡಲು ಮೆಣಸಿನ ಗಿಡದ ಒಂದು ವೈರಸ್ಸನ್ನು ಅಳೆಯುತ್ತಾರೆ. ನಾವು ತಿಂದ ಖಾರದ ಜೊತೆ ಒಳಗೆ ಹೋಗಿ ಹಾಗೇ ಹೊರಬರುತ್ತದಂತೆ. ರಂಜಕ ಇಲ್ಲದೆ ರೊಟ್ಟಿ ಇಳಿಯದ ನಮ್ಮ ಕಡೆ ಅದಕ್ಕೇನೂ ಬರ ಬರಲಿಕ್ಕಿಲ್ಲ.

ಸದ್ಯಕ್ಕೆ ತಲೆಬರಹ 'ಒಳಚರಂಡಿ ನೀರಿನಲ್ಲಿ ಸೋಂಕಿನ ಸುಳಿವು' ಅಂತ ಇಟ್ಟಿದ್ದೇನೆ, ಕೆಲಸಕ್ಕೆ 'ನಿಗಾ' ಅಂದಿದ್ದೇನೆ. ಬಾಗಲಕೋಟೆ, ವಿಜಯಪುರದವರು ಒಂದು ಹೇಳಿ: ನಿಮ್ಮಲ್ಲಿ ಸಂಡಾಸದ ಪೈಪಿನ ನೀರಿಗೆ ಬೇರೆ ಮಾತು ಇದೆಯಾ, ಅಥವಾ ಅದಕ್ಕೂ ಗಟಾರವೇನಾ? ಯುಜಿಡಿ (ಅಂಡರ್‌ಗ್ರೌಂಡ್ ಡ್ರೈನೇಜ್, ಅಂದರೆ ಒಳಚರಂಡಿ) ಅನ್ನುವುದೇ ಬಾಯಲ್ಲಿ ಜಾಸ್ತಿ ಓಡಾಡುತ್ತಿದ್ದರೆ ಅದನ್ನೇ ಹಾಕುತ್ತೇನೆ.