ಟ್ರೇಸಿಂಗ್ ಲೈಟ್ ಬಾಕ್ಸ್: ಬೆಳಕು ಪಟ್ಟೆಪಟ್ಟೆಯಾಗಿ ಬೀಳುತ್ತಿದೆ, ಅಡಾಪ್ಟರ್ ಬಿಸಿಯಾಗುತ್ತಿದೆ

ಪ್ರಶ್ನೆ (ಡೊಂಬಿವಲಿ)

ಯಕ್ಷಗಾನದ ಕಿರೀಟ, ಭುಜಕೀರ್ತಿಗಳ ರೇಖಾಚಿತ್ರಗಳನ್ನು ಜಲವರ್ಣದ ಕಾಗದಕ್ಕೆ ಇಳಿಸಿಕೊಳ್ಳಲೆಂದು ಎ3 ಅಳತೆಯ ಲೈಟ್ ಬಾಕ್ಸ್ (ಕೆಳಗಿನಿಂದ ಬೆಳಕು ಬೀರಿ, ಅಡಿಯ ಚಿತ್ರವನ್ನು ಮೇಲಿನ ಕಾಗದದಲ್ಲಿ ಕಾಣಿಸುವ ಪೆಟ್ಟಿಗೆ) ಒಂದನ್ನು ಮನೆಯಲ್ಲೇ ಕಟ್ಟಿದ್ದೇನೆ. ಪ್ಲೈವುಡ್ ಪೆಟ್ಟಿಗೆಯ ಆಳ 3 ಸೆಂ.ಮೀ. ಮೀಟರಿಗೆ 60 ದೀಪಗಳಿರುವ 12 ವೋಲ್ಟ್‌ನ 5050 (5 ಮಿ.ಮೀ. ಚದರದ ದೀಪಗಳ) ಎಲ್‌ಇಡಿ ಪಟ್ಟಿಯನ್ನು 40 ಸೆಂ.ಮೀ. ಉದ್ದದ ಆರು ತುಂಡುಗಳಾಗಿ ಕತ್ತರಿಸಿ, 5 ಸೆಂ.ಮೀ. ಅಂತರದಲ್ಲಿ ಅಂಟಿಸಿ, ಒಂದರ ತುದಿಗೆ ಇನ್ನೊಂದನ್ನು ಬೆಸೆದಿದ್ದೇನೆ. ಮೇಲೆ ಗಾಜು, ಅದರಡಿ ಬಟರ್ ಪೇಪರ್. ಬೆಳಕು ಪಟ್ಟೆಗಳಾಗಿ ಕಾಣುತ್ತದೆ, ಕೊನೆಯ ಸಾಲು ಮಂಕಾಗಿದೆ, 2 ಆಂಪಿಯರ್ ಅಡಾಪ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ. ಇನ್ನಷ್ಟು ಪಟ್ಟಿ ಸೇರಿಸಿದರೆ ಸರಿಹೋಗುವುದೇ?

ಉತ್ತರ (ಪುಣೆ)

ಪಟ್ಟಿ ಸೇರಿಸಬೇಡಿ; ಅಡಾಪ್ಟರನ್ನು ಮೊದಲು ಪ್ಲಗ್‌ನಿಂದ ತೆಗೆಯಿರಿ. ಈ ಬಗೆಯ ಪಟ್ಟಿ ಮೀಟರಿಗೆ ಸುಮಾರು 14.4 ವಾಟ್ ಎಳೆಯುತ್ತದೆ. ನಿಮ್ಮ 2.4 ಮೀಟರಿಗೆ ಹತ್ತಿರಹತ್ತಿರ 35 ವಾಟ್ ಬೇಕು, ಅಡಾಪ್ಟರ್ ಕೊಡಬಲ್ಲದ್ದು 24 (12 ವೋಲ್ಟ್ × 2 ಆಂಪಿಯರ್) ಮಾತ್ರ. 12 ವೋಲ್ಟ್, 5 ಆಂಪಿಯರ್‌ನದನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳಬಹುದು. ಪಟ್ಟಿಯ ತೆಳು ತಾಮ್ರದಲ್ಲಿ ವಿದ್ಯುತ್ ದೂರ ಹರಿದಷ್ಟೂ ವೋಲ್ಟೇಜ್ ಕುಸಿಯುವುದರಿಂದ ಕೊನೆಯ ಸಾಲು ಮಂಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಒಂದು ಬದಿಯಲ್ಲಿ ಸ್ವಲ್ಪ ದಪ್ಪನೆಯ ಎರಡು ತಂತಿಗಳನ್ನು ಎಳೆದು, ಪ್ರತಿಯೊಂದು ಸಾಲಿಗೂ ಅವುಗಳಿಂದಲೇ ನೇರವಾಗಿ ಸಂಪರ್ಕ ಕೊಡಿ.

ಪಟ್ಟೆಗಳ ಕಾರಣ ಬೇರೆ, ಮತ್ತು ಲೈಟ್ ಬಾಕ್ಸಿನ ಗುಣವೆಲ್ಲ ನಿಂತಿರುವುದು ಅದರ ಮೇಲೆಯೇ. ದೀಪಗಳಿಂದ ಮೇಲಿನ ಹಾಳೆಯವರೆಗಿನ ಎತ್ತರ ಸಾಲುಗಳ ನಡುವಿನ ಅಂತರಕ್ಕಿಂತ ಕಡಿಮೆಯಿದ್ದರೆ, ಪಕ್ಕಪಕ್ಕದ ಸಾಲುಗಳ ಬೆಳಕು ಒಂದರೊಳಗೊಂದು ಬೆರೆಯುವ ಮೊದಲೇ ಹಾಳೆಯನ್ನು ತಲುಪಿಬಿಡುತ್ತದೆ. ಸಾಲುಗಳನ್ನು ಒತ್ತಾಗಿಸಬಹುದು, ಆದರೆ ಶಾಖವೂ ಕಣ್ಣಿಗೆ ಹೊಡೆಯುವ ಪ್ರಖರತೆಯೂ ಹೆಚ್ಚುತ್ತವೆ. ಬದಿಗಳ ಮೇಲೆ ರೀಪರ್ (ಮರದ ತೆಳು ಪಟ್ಟಿ) ಕೂರಿಸಿ ಆಳವನ್ನು 6–7 ಸೆಂ.ಮೀ.ಗೆ ಏರಿಸುವುದೇ ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ. ಒಳಗೆಲ್ಲ ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ. ಮುಂಬಯಿಯ ಮಳೆಗಾಲದ ತೇವಕ್ಕೆ ಬಟರ್ ಪೇಪರ್ ಸುಕ್ಕುಗಟ್ಟುತ್ತದೆ. ಅದರ ಬದಲಿಗೆ 3 ಮಿ.ಮೀ. ದಪ್ಪದ ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನಿಟ್ಟು, ಕೈಯ ಭಾರಕ್ಕೆ ಅದು ಬಾಗದಂತೆ ಈಗಿರುವ ಗಾಜನ್ನು ಮೇಲೆ ಹೊದಿಸಿ.

ಮರುಪ್ರಶ್ನೆ (ಡೊಂಬಿವಲಿ)

ಹೇಳಿದಂತೆಯೇ ಮಾಡಿದೆ. ಪಟ್ಟೆಗಳು ಮಾಯವಾಗಿವೆ, ಹೊಸ ಅಡಾಪ್ಟರ್ ಬೆಚ್ಚಗಷ್ಟೇ ಇರುತ್ತದೆ. ತುಂಬ ಉಪಕಾರವಾಯಿತು. ಆದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಮೂಲಕ ಪೆನ್ಸಿಲ್ ಗೆರೆಗಳು ಇನ್ನೂ ಅಸ್ಪಷ್ಟ.

ಉತ್ತರ (ಮಡಗಾಂವ್)

ಅಷ್ಟು ದಪ್ಪ ಕಾಗದಕ್ಕೆ ಪೆಟ್ಟಿಗೆಯನ್ನು ಬದಲಿಸುವುದಕ್ಕಿಂತ ಮೂಲಚಿತ್ರವನ್ನು ಸಿದ್ಧಪಡಿಸುವುದು ಹೆಚ್ಚು ಫಲ ಕೊಡುತ್ತದೆ. ಚಿತ್ರದ ಜೆರಾಕ್ಸ್ ತೆಗೆಸಿ, ಅದರ ಮೇಲೆ ಗೆರೆಗಳನ್ನು ಕಪ್ಪು ಶಾಯಿಯಿಂದ ಗಾಢವಾಗಿಸಿ. ಭುಜಕೀರ್ತಿಯ ಒಳಗಿನ ಸೂಕ್ಷ್ಮ ಕುಸುರಿಗೆ ಇದು ಅತ್ಯಗತ್ಯ. ಕೋಣೆಯ ದೀಪವಾರಿಸಿ, ಚಿತ್ರ ಆವರಿಸದ ಗಾಜಿನ ಭಾಗವನ್ನು ಕಪ್ಪು ಚಾರ್ಟ್ ಹಾಳೆಯಿಂದ ಮುಚ್ಚಿ. ಅಂಚಿನಿಂದ ಬರುವ ಬೆಳಕು ಕಣ್ಣಿಗೆ ಬೀಳದಿದ್ದರೆ ಮಸುಕಾದ ಗೆರೆಯೂ ಎದ್ದು ಕಾಣುತ್ತದೆ. ಜೆರಾಕ್ಸ್ ಮತ್ತು ಜಲವರ್ಣದ ಕಾಗದ ಎರಡನ್ನೂ ಮಾಸ್ಕಿಂಗ್ ಟೇಪಿನಿಂದ ಮೇಲಂಚಿನಲ್ಲಿ ಮಾತ್ರ ಅಂಟಿಸಿ; ಆಗ ಕೆಳಗಿನಿಂದ ಎತ್ತಿ ಯಾವ ಗೆರೆ ಬಿಟ್ಟುಹೋಗಿದೆ ಎಂದು ನೋಡಿಕೊಳ್ಳಬಹುದು.